ಗೊಂಬೆಗಳು ಕೂತ ಮೆಟ್ಟಿಲು

ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಓಡಾಡುವ ಕಾಲ ಬಂದದ್ದು ನನಗೆ ಒಳಗೊಳಗೇ ಹಿತವಾಗಿದೆ ಎಂದು ಆ ಬೇಸಗೆಯಲ್ಲಿ ಡೈರಿಯಲ್ಲಿ ಬರೆದುಕೊಂಡೆ. ಬರೆದ ಮೇಲೆ ಆ ಸಾಲನ್ನು ಹೊಡೆದುಹಾಕಲೋ ಬೇಡವೋ ಎಂದು ಪೆನ್ನು ಹಿಡಿದು ಕೂತೆ. ಊರಿಗೆ ಊರೇ ಜ್ವರಕ್ಕೆ ಹೆದರಿ ಬಾಗಿಲು ಹಾಕಿಕೊಂಡಿರುವಾಗ, ಸದ್ಯ ಎದುರಿಗೆ ಸಿಕ್ಕವರಿಗೆಲ್ಲ ನಗಬೇಕಾಗಿಲ್ಲ, ಮದುವೆಯ ಊಟದ ಸಾಲಿನಲ್ಲಿ ‘ಯಾಕವಾ, ಬಾಯಾಗ ಮುತ್ತು ಇಟಗೊಂಡೀಯೇನು’ ಎಂದು ಯಾರೂ ಕೆಣಕುವುದಿಲ್ಲ ಎಂದು ಸುಖಪಡುವವಳು ಎಂಥ ಹೆಂಗಸು? ಅವ್ವ ಅಡುಗೆಮನೆಯಿಂದ ‘ಏನ್ ಬರೀತಿ ಅಷ್ಟು?’ ಎಂದಳು. ‘ಏನಿಲ್ಲ’ ಎಂದೆ. ಸಾಲನ್ನು ಹಾಗೇ ಬಿಟ್ಟೆ.

ನಾನು ಬಿ.ಎ. ಮುಗಿಸಿ ಕೆಲವು ಕಾಲ ಮನೆಯಲ್ಲಿ ಕೂತು, ಆಮೇಲೆ ನಮ್ಮೂರಿನ ಐಸ್ ಹಾಕಿ ತಂಡವನ್ನು ನಡೆಸುವ ‘ಕೆರೆ ಹಾಕಿ ಸಂಘ’ದ ಕಚೇರಿಗೆ ಸೇರಿದವಳು. ಮುಖ್ಯ ಕೆಲಸ ಟಿಕೆಟ್ ಕೊಡುವುದು. ಟಿಕೆಟ್ಟಿನ ಕಿಂಡಿ ಅಂಗೈ ಅಗಲದ್ದು. ಅದರ ಆಚೆ ಜನರ ಕೈಗಳಷ್ಟೇ ಕಾಣುತ್ತಿದ್ದವು. ಕೈಗಳ ಜೊತೆ ವ್ಯವಹಾರ ಕಷ್ಟವಲ್ಲ. ಕಲ್ಲಿನ ಗಣಿಯವರ ಕೈ, ಅರಿಸಿನ ಹತ್ತಿದ ಕೈ, ದುಡ್ಡು ಹಿಡಿದು ಬಿಗಿಯಾಗಿ ಮುಚ್ಚಿಕೊಂಡ ಮಕ್ಕಳ ಕೈ. ಯಾರು ಯಾವ ಮೆಟ್ಟಿಲಿನಲ್ಲಿ ಕೂಡಲು ಬಯಸುತ್ತಾರೆ ಎಂಬುದು ಕೈ ನೋಡಿದರೆ ನನಗೆ ತಿಳಿಯುತ್ತಿತ್ತು. ಮಾತು ಬೇಕಾಗುತ್ತಿರಲಿಲ್ಲ.

ನಮ್ಮ ಊರ ನಡುವೆ ಇರುವ ಕೆರೆಗೆ ಸುತ್ತಲೂ ಕಲ್ಲಿನ ಮೆಟ್ಟಿಲು. ಮೆಟ್ಟಿಲ ಮೇಲೆ ಮಂದಿ ಕೂತರೆ ನೀರು ಹೆಪ್ಪುಗಟ್ಟುತ್ತದೆ. ಮಂದಿ ಎದ್ದು ಹೋದರೆ ಕರಗುತ್ತದೆ. ಹೊರಗೆ ಬಂಡೆ ಸೀಳುವ ಬಿಸಿಲಿದ್ದರೂ ಅಷ್ಟೇ. ಬಟ್ಟೆ ಒಗೆಯುವ ಹೆಂಗಸರು ಸರದಿಯ ಮೇಲೆ ಬರುತ್ತಾರೆ. ಗುಂಪಾದರೆ ‘ಸ್ವಲ್ಪ ಆಮ್ಯಾಲ ಬಾರಬೇ, ನೀರು ಬಿಗಿಯಾಕತ್ತೈತಿ’ ಎಂದು ಹೊಸದಾಗಿ ಬಂದವಳನ್ನು ವಾಪಸು ಕಳಿಸುತ್ತಾರೆ. ಕೆರೆಯ ದಂಡೆಯ ಮೇಲೆ ಭಾಷಣ ಇಟ್ಟುಕೊಳ್ಳಲು ಯಾವ ಪಕ್ಷದವರೂ ಒಪ್ಪುವುದಿಲ್ಲ, ಯಾಕೆಂದರೆ ಎಷ್ಟು ಜನ ಸೇರಿದ್ದರು ಎಂಬುದನ್ನು ಪತ್ರಿಕೆಯವರು ನೀರು ನೋಡಿ ಬರೆದುಬಿಡುತ್ತಾರೆ. ಬಾತುಕೋಳಿಗಳಿಗೂ ರೂಢಿಯಾಗಿದೆ. ಮೆಟ್ಟಿಲ ಮೇಲೆ ಗಾದಿ ಹಾಸುವ ಸದ್ದು ಕೇಳಿದರೆ ಅವು ತಾವಾಗಿಯೇ ಎದ್ದು ಆಲದ ಮರದ ಕೆಳಗೆ ಹೋಗಿ ಕೂಡುತ್ತವೆ.

ಈ ನೀರಿನಲ್ಲಿ ನನಗೆ ಇಷ್ಟವಾದ ಗುಣ ಒಂದಿತ್ತು. ಅದು ಕೂಗುವವರನ್ನು ಹೆಚ್ಚು ಎಂದೆಣಿಸುತ್ತಿರಲಿಲ್ಲ. ಮೇಲಿನ ಮೆಟ್ಟಿಲಿನಲ್ಲಿ ನಿಂತು ಗಂಟಲು ಹರಿದುಕೊಳ್ಳುವವನೂ ಅದಕ್ಕೆ ಒಬ್ಬನೇ, ಮೂಲೆಯಲ್ಲಿ ಮೊಣಕಾಲು ತಬ್ಬಿಕೊಂಡು ಕೂತ ನಾನೂ ಒಬ್ಬಳೇ. ಸಣ್ಣವಳಿದ್ದಾಗ ಅಪ್ಪನ ಪಕ್ಕ ಕೂತು, ಬೆಳ್ಳಗೆ ಬಿಗಿಯುತ್ತ ಹೋಗುವ ನೀರಿನಲ್ಲಿ ನನ್ನ ಪಾಲಿನದು ಯಾವ ತುಂಡಿರಬಹುದು ಎಂದು ಹುಡುಕುತ್ತಿದ್ದೆ.

ದೊಡ್ಡ ಊರುಗಳ ತಂಡಗಳಿಗೆ ಯಂತ್ರದಿಂದ ಐಸು ಮಾಡುವ ಒಳಾಂಗಣಗಳಿವೆ. ಅವರ ಆಟ ಟಿವಿಯಲ್ಲಿ ಬರುತ್ತದೆ, ಹಣ ಅಲ್ಲಿಂದ ಬರುತ್ತದೆ. ನಮ್ಮದು ಕೆಳಗಿನ ದರ್ಜೆಯ ಲೀಗು. ಟಿಕೆಟ್ಟು, ತಣ್ಣನೆಯ ಮೆಟ್ಟಿಲಿಗೆ ಹಾಸಿಕೊಳ್ಳುವ ಗಾದಿಯ ಬಾಡಿಗೆ, ಚಹಾ ಮಿರ್ಚಿಯವರು ಕೊಡುವ ಜಾಗದ ಬಾಡಿಗೆ, ಇಷ್ಟರಲ್ಲೇ ಆಟಗಾರರ ಸಂಬಳ, ಬಸ್ಸಿನ ಡೀಸೆಲ್, ಕತ್ತಿಬೂಟುಗಳ ಸಾಣೆ ಎಲ್ಲ ಆಗಬೇಕು. ಬೂಟಿನ ಅಡಿಗೆ ಉಕ್ಕಿನ ಅಲಗು ಕೂರಿಸಿದ್ದಕ್ಕೆ ನಮ್ಮಲ್ಲಿ ಕತ್ತಿಬೂಟು ಎನ್ನುತ್ತಾರೆ, ಚೆಂಡಿನ ಬದಲು ಕೋಲಿನಿಂದ ಹೊಡೆಯುವ ಚಪ್ಪಟೆ ರಬ್ಬರಿಗೆ ಬಿಲ್ಲೆ. ಮಂದಿ ಬಂದರೆ ಸಂಬಳ, ಮಂದಿ ಬಂದರೆ ಆಡುವ ನೆಲ. ಬೇರೆ ಊರಿನ ತಂಡಗಳು ಸೋತರೆ ಹಣ ಕಳೆದುಕೊಳ್ಳುತ್ತವೆ. ನಮ್ಮ ತಂಡ ಸತತವಾಗಿ ಸೋತರೆ ಮಂದಿ ಬರುವುದು ನಿಂತು ಕಾಲ ಕೆಳಗಿನ ಐಸೇ ಹೋಗುತ್ತದೆ. ಹಾಗಾಗಿ ನಮ್ಮವರು ಚೆನ್ನಾಗಿಯೇ ಆಡುತ್ತಿದ್ದರು.

ಜ್ವರ ಬಂದ ಕೂಡಲೇ ಮೆಟ್ಟಿಲುಗಳಿಗೆ ಜಾಲಿಮುಳ್ಳು ಹಚ್ಚಿ ಮುಚ್ಚಿದರು. ಕೆರೆ ಅಷ್ಟು ದಿನ ಒಂದೇ ಸಮನೆ ನೀರಾಗಿಯೇ ಇದ್ದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಪಾಚಿ ಬೆಳೆಯಿತು. ಆಟಗಾರರ ಸಂಬಳ ಮೊದಲು ಅರ್ಧವಾಯಿತು, ಆಮೇಲೆ ನಿಂತಿತು. ಅವರು ಕಚೇರಿಯ ಕಟ್ಟೆಯ ಮೇಲೆ ದೂರದೂರ ಕೂತು ಹರಟೆ ಹೊಡೆಯುತ್ತಿದ್ದರು. ನಾನು ಒಳಗೆ ಕಿಟಕಿಯ ಪಕ್ಕ ಕೂತು ಕೇಳಿಸಿಕೊಳ್ಳುತ್ತಿದ್ದೆ. ಗೋಲು ಕಾಯುವ ಎಲಿಷಾ ಸೈಕಲ್ಲಿನ ಮೇಲೆ ಮೊಟ್ಟೆ ಮಾರಲು ಶುರುಮಾಡಿದ್ದ. ಆಟಕ್ಕೆ ಹಾಕಿಕೊಳ್ಳುವ ಪಂಜರದಂಥ ಮುಖವಾಡವನ್ನೇ ಹಾಕಿಕೊಂಡು ಮನೆಮನೆಗೆ ಹೋಗುತ್ತಿದ್ದ.

‘ಆ ಜಾಳಗಿಯೊಳಗ ರೋಗ ಬರಂಗಿಲ್ಲೇನೋ?’ ಎಂದ ನಾಯಕ ಬಸಲಿಂಗ.

‘ರೋಗ ಬಂದ್ರ ಬರವಲ್ದ್ಯಾಕ. ಸಾಲ ಕೊಟ್ಟಾವ್ರಿಗೆ ಗುರ್ತು ಸಿಗಬಾರ್ದು,’ ಎಂದ ಎಲಿಷಾ.

ಬಸಲಿಂಗ ಮಾತ್ರ ಬೇರೆ ಕೆಲಸಕ್ಕೆ ಹೋಗಲಿಲ್ಲ. ಕಲ್ಲಿನ ಗಣಿಯವರು ಕರೆದಿದ್ದರು. ಒಮ್ಮೆ ಗಣಿಗೆ ಇಳಿದರೆ ಮೊಣಕಾಲು ಹೋಗುತ್ತದೆ, ಆಮೇಲೆ ಕತ್ತಿಬೂಟಿನ ಮೇಲೆ ನಿಲ್ಲಲಾಗುವುದಿಲ್ಲ ಎಂದು ಅವನು ಹೇಳುತ್ತಿದ್ದ. ಅವನ ಹೆಂಡತಿ, ಅವಳ ತಾಯಿ, ಇಬ್ಬರು ಹೆಣ್ಣುಮಕ್ಕಳು ಎಲ್ಲ ಅವನ ಒಂದು ಸಂಬಳದ ಮೇಲಿದ್ದರು. ವಾರಕ್ಕೊಮ್ಮೆ ಕಿಟಕಿಯ ಹತ್ತಿರ ಬಂದು ‘ಅಕ್ಕಾರ, ಏನರೆ ಸುದ್ದಿ?’ ಎನ್ನುತ್ತಿದ್ದ. ನಾನು ಇಲ್ಲ ಎಂದು ತಲೆಯಾಡಿಸುತ್ತಿದ್ದೆ. ‘ಆಗ್ಲಿ ಬಿಡ್ರಿ, ಶುರು ಆಕ್ಕೈತಿ,’ ಎಂದು ಅವನೇ ನನಗೆ ಸಮಾಧಾನ ಹೇಳಿ ಹೋಗುತ್ತಿದ್ದ. ಆ ವರ್ಷ ಆಟ ನಡೆಯುವುದಿಲ್ಲ ಎಂಬ ಮಾತನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಮನೆಯಲ್ಲಿ ದೊಡ್ಡ ಕಾಯಿಲೆಯವರಿದ್ದಾಗ ಕಾಯಿಲೆಯ ಹೆಸರು ಹೇಳದೆ ಓಡಾಡುತ್ತಾರಲ್ಲ, ಹಾಗೆ.

ಮಳೆ ಬಂದು ಹೋದ ಮೇಲೆ ಲೀಗಿನ ಮಂಡಳಿಯವರಿಂದ ಫೋನು ಬಂತು. ಆಟಗಳು ಶುರುವಾಗುತ್ತವೆ. ಪ್ರತಿ ತಂಡವೂ ಮೊದಲ ಆಟವನ್ನು ತನ್ನ ಊರಲ್ಲಿ ಆಡಿ ತೋರಿಸಬೇಕು. ನೋಡುವವರು ಬೆರಳೆಣಿಕೆಯಷ್ಟೇ ಇರಬೇಕು. ಆಡಿಸಲಾಗದ ತಂಡದ ಜಾಗವನ್ನು ಯಂತ್ರದ ಒಳಾಂಗಣ ಕಟ್ಟಿಸಿಕೊಂಡು ಕಾಯುತ್ತಿರುವ ಬೇರೊಂದು ಊರಿಗೆ ಕೊಡಲಾಗುತ್ತದೆ. ಜಾಗ ಒಮ್ಮೆ ಹೋದರೆ ಹೋಯಿತು, ಸಂಘವೂ ಇಲ್ಲ, ತಂಡವೂ ಇಲ್ಲ. ಬೇರೆ ಊರುಗಳಿಗೆ ಇದು ಖರ್ಚಿನ ಪ್ರಶ್ನೆ. ಮಂದಿಯಿಲ್ಲದೆ ನಮಗೆ ಐಸೇ ಇಲ್ಲ.

ನಮ್ಮ ಅಧ್ಯಕ್ಷರು ಗುರುಪಾದಪ್ಪನವರು. ಪೇಟೆಯಲ್ಲಿ ಅವರದು ಸಿದ್ಧ ಉಡುಪಿನ ದೊಡ್ಡ ಅಂಗಡಿ. ಒಳ್ಳೆಯ ಮನುಷ್ಯ. ಅಂಗಡಿಗೆ ಬೀಗ ಬಿದ್ದಿದ್ದಾಗಲೂ ಎರಡು ತಿಂಗಳು ತಮ್ಮ ಕೈಯಿಂದ ನಮಗೆ ಸಂಬಳ ಕೊಟ್ಟವರು. ಫೋನು ಬಂದ ಮರುದಿನ ಅವರು ಕಚೇರಿಗೆ ಬಂದು ಖುರ್ಚಿಯಲ್ಲಿ ಕೂತು, ತಮ್ಮಷ್ಟಕ್ಕೆ ತಾವೇ ನಗುತ್ತ, ‘ನನ್ನ ಅಂಗಡ್ಯಾಗ ಗೊಂಬಿ ನಿಂತಾವಲ್ಲ, ಸೀರಿ ಉಟಗೊಂಡು,’ ಎಂದರು. ‘ಮೊನ್ನೆ ಕತ್ತಲದಾಗ ಹೋಗಿ ಒಂದಕ್ಕ ನಮಸ್ಕಾರ ಮಾಡಿಬಿಟ್ಟೆ. ನಾನs ಮೋಸ ಹೋದ್ರ, ನೀರು ಹೋಗಂಗಿಲ್ಲೇನು?’

ಹೀಗೆ ಗೊಂಬೆಗಳ ಟಿಕೆಟ್ಟು ಶುರುವಾಯಿತು. ಹಣ ಕೊಟ್ಟವರ ಹೆಸರಲ್ಲಿ ಒಂದು ಗೊಂಬೆ ಅವರ ಮಾಮೂಲು ಜಾಗದಲ್ಲಿ ಕೂಡುತ್ತದೆ. ಬಟ್ಟೆ ಅವರೇ ಕಳಿಸಬೇಕು. ನಾನು ಕಿಂಡಿಯ ಹಿಂದೆ ಮತ್ತೆ ಕೂತೆ. ಊರು ಹೀಗೆ ಕಾದಿತ್ತೇ ಎಂದು ಆಶ್ಚರ್ಯವಾಗುವಂತೆ ಕೈಗಳು ಬಂದವು. ಮದುವೆಯ ಸೀರೆ ಕೊಟ್ಟವರು, ಶಾಲೆಯ ಅಂಗಿ ಕೊಟ್ಟವರು. ಒಬ್ಬ ಅಜ್ಜಿ ಸತ್ತುಹೋದ ಗಂಡನ ಕೋಟನ್ನು ಮಡಚಿ ಕಿಂಡಿಯೊಳಗೆ ತಳ್ಳಿ, ‘ನಮ್ಮವ್ರು ಮೂರನೇ ಮೆಟ್ಟಿಲಾ, ಕಂಬದ ಬಾಜೂಕ,’ ಎಂದಳು. ‘ಬೀಡಿ ಒಂದು ಕಿಸೇದಾಗ ಇಟ್ಟೇನಿ, ಇರ್ಲಿ ಬಿಡು.’ ಎಲ್ಲರೂ ಇದನ್ನು ನಗುತ್ತಲೇ ಮಾಡಿದರು, ಆದರೆ ಎಲ್ಲರೂ ಇಸ್ತ್ರಿ ಮಾಡಿದ ಬಟ್ಟೆಯನ್ನೇ ತಂದಿದ್ದರು. ಆ ತಿಂಗಳು ಆಟಗಾರರಿಗೆ ಸಂಬಳವಾಯಿತು. ಬಸಲಿಂಗ ಕಿಟಕಿಗೆ ಬಂದು ಎರಡು ಪೇರಲ ಹಣ್ಣು ಇಟ್ಟು ಹೋದ.

ಅಂಗಡಿಯ ಗೊಂಬೆಗಳು ಸಾಲುವಂತಿರಲಿಲ್ಲ. ಹುಲ್ಲು ತುಂಬಿ ಹೊಲಿಯಬೇಕಾಯಿತು. ಕೆರೆಯ ದಂಡೆಯ ಮೇಲೆ, ಮೆಟ್ಟಿಲಿಗೆ ಅಂಟಿಕೊಂಡೇ, ಕತ್ತಿಬೂಟು ಇಡುವ ಉದ್ದನೆಯ ಶೆಡ್ಡಿದೆ. ಆಟಗಾರರು, ಅವರ ಮನೆಯ ಹೆಂಗಸರು, ದರ್ಜಿಗಳು, ಚಹಾದವರು, ಒಬ್ಬೊಬ್ಬರಾಗಿ ಬಂದರು. ಬಂದವರು ಹೋಗಲಿಲ್ಲ. ಎಷ್ಟೋ ತಿಂಗಳ ಮೇಲೆ ಜನ ಜನರ ನಡುವೆ ಕೂತಿದ್ದರು. ಸೆಕೆಗೆ ಮುಖದ ಬಟ್ಟೆಗಳು ಕುತ್ತಿಗೆಗೆ ಇಳಿದವು. ಬಸಲಿಂಗನ ಅತ್ತೆ ಸಾವಂತ್ರವ್ವ ಒಂದು ಗೊಂಬೆಯ ಹೊಟ್ಟೆಗೆ ಮಿತಿಮೀರಿ ಹುಲ್ಲು ತುಂಬಿ ‘ಇದು ನಮ್ಮ ಸಾವ್ಕಾರ್ರು’ ಎಂದಳು. ಗುರುಪಾದಪ್ಪನವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ನನ್ನ ಪಕ್ಕ ಸಂಘದಲ್ಲಿ ನನ್ನ ಜೊತೆ ಕೆಲಸ ಮಾಡುವ ದಾವಲಸಾಬ ಕಾಕಾ ಕೂತು, ನಾನು ಹೊಲಿದ ತೋಳುಗಳಿಗೆ ಹುಲ್ಲು ತುಂಬುತ್ತ, ‘ಎಷ್ಟು ಸಣ್ಣ ಹೊಲಿಗೀನವಾ ನಿಂದು, ನಿನ್ನ ಧ್ವನಿ ಇದ್ಹಂಗ,’ ಎಂದ. ನನಗೆ ಸಂಕೋಚವಾಗಲಿಲ್ಲ. ಆ ದಿನ ನಾನು ನಕ್ಕಷ್ಟು ಎಂದೂ ನಕ್ಕಿರಲಿಲ್ಲ.

ಮುಗಿದ ಗೊಂಬೆಗಳನ್ನು ಒಯ್ದು ಮೆಟ್ಟಿಲ ಮೇಲೆ ಕೂರಿಸುತ್ತ ಹೋದರು. ಸಂಜೆ ಎಲಿಷಾ ಹೊರಗಿನಿಂದ ಕೂಗಿದ. ಎಲ್ಲರೂ ಹೊರಗೆ ಬಂದು ನೋಡಿದೆವು. ದಂಡೆಯ ಗುಂಟ ನೀರು ಬೆಳ್ಳಗಾಗಿ ಬಿಗಿಯುತ್ತಿತ್ತು. ಶೆಡ್ಡಿನ ಮುಂದೆ ಅದು ಬೆರಳು ಒತ್ತಿದರೂ ಬಗ್ಗದಷ್ಟು ಗಟ್ಟಿಯಾಗಿತ್ತು. ಮೆಟ್ಟಿಲ ಮೇಲೆ ಗೊಂಬೆಗಳು ಸೀರೆಯ ಸೆರಗು ಹಾರಿಸುತ್ತ ಕೂತಿದ್ದವು. ಯಾರೋ ಶಿಳ್ಳೆ ಹೊಡೆದರು. ಗುರುಪಾದಪ್ಪನವರು ಕಣ್ಣು ಒರೆಸಿಕೊಂಡು, ‘ಒಪ್ಪಿಕೊಂತು ನೋಡ್ರಿ ನೀರು,’ ಎಂದರು. ಅಲ್ಲಿಂದಲೇ ಮಂಡಳಿಗೆ ಫೋನು ಮಾಡಿ ಆಟದ ದಿನ ಗೊತ್ತುಮಾಡಿಬಿಟ್ಟರು.

ಮುಂದಿನ ವಾರದಲ್ಲಿ ಶೆಡ್ಡಿನಲ್ಲಿದ್ದವರ ಮನೆಗಳಿಗೆ ಒಂದೊಂದಾಗಿ ಜ್ವರ ಬಂತು. ಇಬ್ಬರು ದರ್ಜಿಗಳು, ಚಹಾದವನ ಹೆಂಡತಿ, ಎಲಿಷಾನ ತಮ್ಮ. ದಾವಲಸಾಬ ಕಾಕಾನನ್ನು ಜಿಲ್ಲೆಯ ಆಸ್ಪತ್ರೆಗೆ ಒಯ್ದರು. ಸಾವಂತ್ರವ್ವ ಮನೆಯಲ್ಲೇ ತೀರಿಕೊಂಡಳು. ನನಗೆ ಏನೂ ಆಗಲಿಲ್ಲ. ಊರಲ್ಲಿ ಎಲ್ಲ ಕಡೆಯೂ ಜ್ವರ ಇದ್ದದ್ದರಿಂದ ಯಾರೂ ಅದನ್ನು ಶೆಡ್ಡಿನ ಜೊತೆ ಜೋಡಿಸಿ ಮಾತಾಡಲಿಲ್ಲ. ನಾನು ಜೋಡಿಸಿದ್ದೆ. ಆದರೆ ಸತ್ತವಳ ಮನೆಯವರಿಗೆ ಹೋಗಿ ಅದನ್ನು ಹೇಳುವುದು ಹೇಗೆ?

ದಾವಲಸಾಬ ಕಾಕಾ ಸಂಘದಲ್ಲಿ ಐಸು ಕೂಗುವವನಾಗಿದ್ದ. ಪ್ರತಿ ಆಟಕ್ಕೆ ಮುಂಚೆ ಒಬ್ಬರು ಕಬ್ಬಿಣದ ಸರಳು ಹಿಡಿದು ಬರಿಗಾಲಲ್ಲಿ ಕೆರೆಯ ನಡುವಿನವರೆಗೆ ನಡೆದು ನೋಡಿ, ಅಲ್ಲಿಂದಲೇ ‘ಗಟ್ಟಿ’ ಎಂದು ಕೂಗಬೇಕು. ಆ ಕೂಗು ಬೀಳದೆ ಯಾವ ಆಟಗಾರನೂ ಇಳಿಯುವಂತಿಲ್ಲ. ಕೂಗುವವರು ಸಂಘದ ಸಂಬಳದವರಾಗಿರಬೇಕು, ಆಟಗಾರರಾಗಿರಬಾರದು, ಪದಾಧಿಕಾರಿಗಳೂ ಆಗಿರಬಾರದು. ಗೆಲ್ಲುವ ಆಸೆಯವರು ಸುಳ್ಳು ಹೇಳಬಹುದೆಂದು ಹಿಂದಿನವರು ಮಾಡಿದ ಕಟ್ಟಳೆ. ಕಾಕಾ ಆಸ್ಪತ್ರೆ ಸೇರಿದ ಮೇಲೆ, ಆಟಗಾರರನ್ನು ಬಿಟ್ಟರೆ, ಸಂಘದ ಸಂಬಳದಲ್ಲಿ ಉಳಿದವಳು ನಾನೊಬ್ಬಳೇ.

‘ಒಂದ ಒಂದು ಮಾತು, ವನಮಾಲಾ,’ ಎಂದರು ಗುರುಪಾದಪ್ಪನವರು. ‘ಗಟ್ಟಿ. ಅಷ್ಟ ಅಂದ್ರ ಮುಗೀತು. ನಿನಗಂತ ಮೆಟ್ಟಿಲ ಮ್ಯಾಲ ಮೈಕ್ ಸುದ್ದಾ ಇಡಸ್ತೀನಿ, ಹೊಳ್ಳಿ ಬಂದು ಅದರಾಗ ಅಂದ್ರೂ ನಡೀತೈತಿ.’

ಕಾಕಾನ ಮಗಳು ಆಸ್ಪತ್ರೆಯಿಂದ ಫೋನು ಹಚ್ಚಿ ಅವನ ಕಿವಿಗೆ ಹಿಡಿದಳು. ಉಸಿರಿಗೊಮ್ಮೆ ಮಾತು ತುಂಡಾಗುತ್ತಿತ್ತು. ‘ಬರ್ಫ ಸುಮ್ನಿದ್ರ ಗಟ್ಟಿ ಅಂತ ತಿಳಕೊ,’ ಎಂದ. ‘ಕಾಲಾಗ ಮಾತಾಡಾಕತ್ತಿತಂದ್ರ ನಿಂದ್ರಬ್ಯಾಡ. ಹೊಳ್ಳಿ ಬಾ.’

‘ತೆಳು ಇದ್ರ ಏನಂತ ಕೂಗೂದು ಕಾಕಾ?’

‘ಗೊತ್ತಿಲ್ಲವಾ. ಮಂದಿ ಬರಲಾರದ ಆಟ ನಾ ನೋಡೇ ಇಲ್ಲ.’

ಆಟದ ದಿನ ಮಧ್ಯಾಹ್ನವೇ ಎದುರಾಳಿಗಳ ಬಸ್ಸು ಬಂತು. ಮಂಡಳಿಯ ವೀಕ್ಷಕರು ಬಂದರು, ತೆಳ್ಳನೆಯ ಮನುಷ್ಯ. ಮುಳ್ಳಿನ ಬೇಲಿಯಾಚೆ ಸಾಲುಸಾಲಾಗಿ ಕೂತ ಗೊಂಬೆಗಳನ್ನು ನೋಡಿ ಒಂದು ಕ್ಷಣ ಕನ್ನಡಕ ತೆಗೆದು ಹಾಕಿಕೊಂಡರು. ಪಾಸು ಇದ್ದ ಕೆಲವರನ್ನು ಮಾತ್ರ ಮೆಟ್ಟಿಲಿಗೆ ಬಿಟ್ಟಿದ್ದರು. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಗೊಂಬೆಗಳು. ಊರಿನ ಉಳಿದವರೆಲ್ಲ ಕೆರೆಯ ಸುತ್ತಲಿನ ಮನೆಗಳ ಮಾಳಿಗೆಯ ಮೇಲಿದ್ದರು. ಅಷ್ಟು ದೂರದವರು ನೀರಿಗೆ ಲೆಕ್ಕವಿಲ್ಲ, ಅದು ಎಲ್ಲರಿಗೂ ಗೊತ್ತು. ಆದರೂ ಮನೆಯಲ್ಲಿದ್ದ ಗಾದಿಗಳನ್ನು ಮಾಳಿಗೆಗೆ ಒಯ್ದು ಅವುಗಳ ಮೇಲೆಯೇ ಕೂತಿದ್ದರು. ‘ನನ್ನ ಗೊಂಬಿ ನಿನ್ನ ಗೊಂಬೀಗೆ ಅಂಟಿ ಕುಂತೈತಲ್ಲೋ’ ಎಂದು ಒಬ್ಬ ಮಾಳಿಗೆಯಿಂದ ಕೂಗಿದರೆ ‘ಎದ್ದು ಸರದು ಕುಂಡ್ರು ಅಂತ ಹೇಳು ಅದಕ್ಕ’ ಎಂದು ಎದುರು ಮಾಳಿಗೆಯವನು ಕೂಗುತ್ತಿದ್ದ.

ನೀರು ಬಿಗಿಯಿತು. ಸುಳ್ಳು ಹೇಳಬಾರದು, ನೋಡಲು ಅಂದವಾಗಿಯೇ ಇತ್ತು. ಅಂಚಿನಿಂದ ನಡುವಿಗೆ ಬಿಳುಪು ಹರಿಯುತ್ತ ಹೋಗಿ ಇಡೀ ಕೆರೆ ಒಗೆದು ಹಾಸಿದ ಧೋತರದಂತಾಯಿತು. ಮಾಳಿಗೆಗಳ ಮೇಲೆ ಹೋ ಎಂಬ ಸದ್ದೆದ್ದಿತು. ನಾನು ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಮೇಲೆತ್ತಿ ಸಿಕ್ಕಿಸಿ, ಸರಳು ಹಿಡಿದು ಇಳಿದೆ.

ಅಂಚಿನಲ್ಲಿ ಐಸು ಸುಮ್ಮನಿತ್ತು. ಪಾದ ಸುಡುವಷ್ಟು ತಣ್ಣಗಿತ್ತು. ಊರಿನ ಎಲ್ಲ ಕಣ್ಣುಗಳೂ ನನ್ನ ಬೆನ್ನ ಮೇಲಿದ್ದವು. ಅದೊಂದನ್ನು ಬಿಟ್ಟು ಬೇರೆ ಏನನ್ನಾದರೂ ಯೋಚಿಸಬೇಕೆಂದು ಪಾದಗಳನ್ನೇ ನೋಡುತ್ತ ನಡೆದೆ. ನಾಲ್ಕರಲ್ಲೊಂದು ಪಾಲು ದಾರಿ ನಡೆದ ಮೇಲೆ ಅಡಿಯಿಂದ ಹಪ್ಪಳ ಮುರಿದಂಥ ಸಣ್ಣ ಸದ್ದು ಬಂತು. ನಿಂತೆ. ಇನ್ನೊಂದು ಹೆಜ್ಜೆ ಇಟ್ಟೆ. ಸದ್ದು ನನ್ನ ಪಾದದಿಂದ ಹೊರಟು ಗೆರೆಯಾಗಿ ಮುಂದೆ ಓಡಿತು. ಬಗ್ಗಿ ನೋಡಿದರೆ ಬಿಳುಪು ಅಲ್ಲಿ ಹಾಲಿನ ಕೆನೆಯಷ್ಟೇ ಇತ್ತು. ಕೆಳಗೆ ಒಂದು ಮೀನು ನಿಧಾನಕ್ಕೆ ಹೊರಳಿ ಹೋಯಿತು.

ತಲೆಯೆತ್ತಿ ಸುತ್ತ ನೋಡಿದೆ. ಇಷ್ಟು ಗೊಂಬೆಗಳು, ಶೆಡ್ಡಿನಲ್ಲಿ ಕೂತು ಹೊಲಿದ ಆ ಸಂಜೆ ಇರಲಿಲ್ಲ, ಅರ್ಧದಷ್ಟೂ ಇರಲಿಲ್ಲ. ಆದರೂ ಆವತ್ತು ಐಸು ಬೆರಳಿಗೆ ಬಗ್ಗಿರಲಿಲ್ಲ. ಯಾವ ಕಡೆ ಗಟ್ಟಿಯಾಗಿತ್ತು? ಶೆಡ್ಡಿನ ಮುಂದೆ. ಶೆಡ್ಡಿನೊಳಗೆ ನಾವಿದ್ದೆವು. ಹೆಗಲಿಗೆ ಹೆಗಲು ಹಚ್ಚಿ, ದಿನವಿಡೀ, ನಗುತ್ತ. ನೀರು ಗೊಂಬೆಗಳನ್ನು ಒಪ್ಪಿಕೊಂಡೇ ಇರಲಿಲ್ಲ, ಇವತ್ತಿನ ಈ ಕೆನೆಯೂ ಪಾಸಿನ ಕೆಲವರದ್ದೇ. ಅದು ನಮ್ಮನ್ನು ಎಣಿಸಿತ್ತು. ಜ್ವರವೂ ಹಾಗೇ ಎಣಿಸಿತ್ತು. ಸಾವಂತ್ರವ್ವ ನನ್ನ ಎದುರಿಗೇ ಕೂತಿದ್ದಳು.

ಮೈಕಿನಲ್ಲಿ ಗುರುಪಾದಪ್ಪನವರ ಧ್ವನಿ ಬಂತು. ‘ಕೂಗವಾ, ವನಮಾಲಾ. ಅಂಜಬ್ಯಾಡ.’

ನಾನು ಕೂಗಲಿಲ್ಲ. ಬಂದ ಹೆಜ್ಜೆಗಳ ಮೇಲೆಯೇ ಕಾಲಿಡುತ್ತ ಹೊರಳಿ ಬಂದೆ. ಮಾಳಿಗೆಗಳ ಮೇಲಿನ ಗದ್ದಲ ಇಳಿಯಿತು. ಅಂಚಿನಲ್ಲಿ ನಮ್ಮವರು ಕತ್ತಿಬೂಟು ಕಟ್ಟಿಕೊಂಡು ಸಾಲಾಗಿ ನಿಂತಿದ್ದರು. ಬಸಲಿಂಗ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ, ವಾರವಾರ ಕಿಟಕಿಯಲ್ಲಿ ಆಡಿಸುತ್ತಿದ್ದ ಹಾಗೆಯೇ.

ಅವನಿಗೆ ತಿಳಿಯಿತು. ವೀಕ್ಷಕರಿಗೆ ಕೇಳಿಸದಂತೆ ಹತ್ತಿರ ಬಗ್ಗಿ, ‘ಅಕ್ಕಾರ, ಗಟ್ಟಿ ಅಂದ್ಬಿಡ್ರಿ,’ ಎಂದ. ‘ನಾವು ನಡುವ ಹೋಗಂಗಿಲ್ಲ. ಅಂಚು ಹಿಡದ ಆಡ್ತೀವಿ. ಸೋತ್ರೂ ಅಡ್ಡಿಯಿಲ್ಲ, ಆಡೀವಿ ಅಂತ ಬರಕೊಂಡ್ರ ಆತು.’

‘ನನ್ನ ಗೋಲಂತೂ ಅಂಚಿನಾಗ ಐತ್ರಿ,’ ಎಂದ ಎಲಿಷಾ. ಮೈತುಂಬ ದಪ್ಪ ಕವಚ ಕಟ್ಟಿಕೊಂಡು ಎರಡಾಳಿನಷ್ಟಿದ್ದ. ‘ಮುಳುಗಿದ್ರೂ ಬಿಲ್ಲೆ ಒಳಗ ಬಿಡಂಗಿಲ್ಲ, ನೋಡ್ರಿ ಬೇಕಾರ.’ ಪಂಜರದ ಹಿಂದೆ ಅವನು ನಗುತ್ತಿದ್ದನೋ ಇಲ್ಲವೋ ಕಾಣಲಿಲ್ಲ.

ಎದುರಾಳಿಗಳು ಆಚೆ ದಂಡೆಯಲ್ಲಿ ಕಾಲು ಕುಣಿಸುತ್ತ ನಿಂತಿದ್ದರು. ಹದಿಹರೆಯ ದಾಟದ ಹುಡುಗರೂ ಅವರಲ್ಲಿದ್ದರು. ಅವರಿಗೆ ನಮ್ಮ ನೀರಿನ ಗುಣ ಗೊತ್ತಿಲ್ಲ. ಕೂಗು ಬಿದ್ದರೆ ಅವರು ಅಂಚು ಹಿಡಿದು ಆಡುವುದಿಲ್ಲ.

ಗುರುಪಾದಪ್ಪನವರು ಮೈಕು ಬಿಟ್ಟು ಇಳಿದು ಬಂದರು. ‘ಯಾಕ, ಏನಾತು?’

‘ಸ್ವಲ್ಪ ತೆಳು ಕಾಣ್ತೈತ್ರೀ ಸಾವ್ಕಾರ್ರ,’ ಎಂದ ಬಸಲಿಂಗ.

ಅವರು ಐಸು ನೋಡಲಿಲ್ಲ. ತಲೆಯೆತ್ತಿ ಮಾಳಿಗೆಗಳನ್ನು ನೋಡಿದರು. ‘ಮಂದಿ ಅಲ್ಲೇ ಅದಾರಲ್ಲ,’ ಎಂದರು. ‘ಸ್ವಲ್ಪ ಹೊತ್ತು ಬಂದು ಕುಂತ್ರ ಸಾಕು. ಬಿಗೀತೈತಿ. ಆಟ ಶುರು ಆದ ಮ್ಯಾಲ ಒಬ್ಬೊಬ್ರs ಎದ್ದು ಹೋಗ್ಲಿ. ಒಂದ ಸಲಾ. ಮುಳ್ಳು ತಗೀರಪಾ.’

ಯಾರೋ ಜಾಲಿಮುಳ್ಳಿನ ಒಂದು ಕೊಂಬೆ ಎಳೆದರು. ಕಾವಲಿಗಿದ್ದ ಪೊಲೀಸಿನವನು ಆಲದ ಮರದ ಕಡೆ ಮುಖ ತಿರುಗಿಸಿ ನಿಂತ, ಅವನೂ ನಮ್ಮೂರವನೇ. ಮಾಳಿಗೆಯವರಿಗೆ ಹೇಳಬೇಕಾಗಲಿಲ್ಲ. ಮುಳ್ಳು ಸರಿದದ್ದು ಕಂಡ ಕೂಡಲೇ ಅವರಿಗೆ ತಿಳಿದುಹೋಯಿತು. ಊರಿನ ಮಾನ ಉಳಿಸಲು ತಾವು ಮಾಡಬೇಕಾದದ್ದು ಇಷ್ಟೇ, ಹೋಗಿ ಕೂಡುವುದು. ಮನೆಗಳ ಒಳಮೆಟ್ಟಿಲಲ್ಲಿ ದಡದಡ ಕಾಲಿನ ಸದ್ದು. ಬಾಗಿಲುಗಳು ತೆರೆದುಕೊಂಡವು. ಗಾದಿಗಳನ್ನು ಕಂಕುಳಲ್ಲಿ ಇರುಕಿಕೊಂಡು ಮುದುಕರು, ಸೊಂಟದ ಮೇಲೆ ಕೂಸುಗಳನ್ನು ಹೊತ್ತ ಹೆಂಗಸರು, ನಗುತ್ತ, ಒಬ್ಬರನ್ನೊಬ್ಬರು ದೂಡುತ್ತ ಬರತೊಡಗಿದರು. ಎಂಥ ನಗು ಅದು. ಶೆಡ್ಡಿನಲ್ಲಿ ಕೇಳಿದ್ದ ಅದೇ ನಗು. ಅವರ ಹಿಂದೆ ಅವ್ವನೂ ಇದ್ದಳು. ನನ್ನನ್ನು ಕಂಡು ಕೈಯೆತ್ತಿದಳು.

ಮುಂದೆ ಬಂದವರು ಗೊಂಬೆಗಳನ್ನು ಎತ್ತಿ ಪಕ್ಕಕ್ಕಿಟ್ಟು ತಮ್ಮ ಜಾಗಗಳಲ್ಲಿ ಕೂಡಲು ಶುರುಮಾಡಿದರು. ನನ್ನ ಕಾಲ ಬಳಿ ಐಸು ಸಣ್ಣಗೆ ಬಿಗಿಯುವ ಸದ್ದು ಬಂತು. ಗುರುಪಾದಪ್ಪನವರು ‘ನೋಡು, ನೋಡು,’ ಎಂದರು. ಹೌದು, ಸಾಧ್ಯವಿತ್ತು. ಸುಮ್ಮನಿದ್ದರೆ ಸಾಕಾಗಿತ್ತು. ಇನ್ನೊಂದು ಗಳಿಗೆಗೆ ಕೆರೆ ನಿಜವಾಗಿಯೇ ಗಟ್ಟಿಯಾಗುತ್ತಿತ್ತು, ನಾನು ಸುಳ್ಳಾಡದೆಯೇ ಆ ಒಂದು ಮಾತನ್ನು ಕೂಗಬಹುದಿತ್ತು. ಆಟ ನಡೆಯುತ್ತಿತ್ತು. ಜಾಗ ಉಳಿಯುತ್ತಿತ್ತು. ಬಸಲಿಂಗ ಗಣಿಗೆ ಇಳಿಯಬೇಕಾಗಿರಲಿಲ್ಲ. ಮುಂದಿನ ವಾರ ಯಾವ ಮನೆಯ ಬಾಗಿಲಲ್ಲಿ ಯಾರು ಅಳುತ್ತಿರುತ್ತಾರೆ ಎಂಬುದನ್ನು ಆಟದ ಜೊತೆ ಜೋಡಿಸಿ ನೋಡುವವರೂ ಇರುವುದಿಲ್ಲ.

ಬಸಲಿಂಗನ ಕಡೆ ತಿರುಗಿದೆ. ಅವನು ಬರುತ್ತಿದ್ದ ಮಂದಿಯನ್ನು ನೋಡುತ್ತಿರಲಿಲ್ಲ. ಸಾವಂತ್ರವ್ವ ಹುಲ್ಲು ತುಂಬಿದ ದಪ್ಪಹೊಟ್ಟೆಯ ಗೊಂಬೆ ಮೊದಲ ಮೆಟ್ಟಿಲಿನಲ್ಲಿ ವಾಲಿಕೊಂಡು ಕೂತಿತ್ತು. ಅದನ್ನು ನೋಡುತ್ತಿದ್ದ.

ಮೈಕು ಖಾಲಿ ನಿಂತಿತ್ತು. ಒದ್ದೆ ಪಾದದಲ್ಲಿ ಮೆಟ್ಟಿಲು ಹತ್ತಿ ಅದರ ಮುಂದೆ ಹೋಗಿ ನಿಂತೆ. ಅದು ಗುರುಪಾದಪ್ಪನವರ ಎತ್ತರಕ್ಕಿತ್ತು. ಬಗ್ಗಿಸಲು ಹೋದರೆ ಬಗ್ಗಲಿಲ್ಲ, ಕರ್ರೆಂದು ಕೆರೆಯ ತುಂಬ ಸದ್ದಾಯಿತು. ಎಲ್ಲರೂ ನಿಂತಲ್ಲೇ ನಿಂತು ನನ್ನ ಕಡೆ ತಿರುಗಿದರು. ಅರ್ಧ ಕೂತವರು ಅರ್ಧಕ್ಕೇ ನಿಂತರು. ಅವರು ಕಾಯುತ್ತಿದ್ದ ಮಾತು ನನಗೆ ಗೊತ್ತಿತ್ತು. ಮುಖದ ಬಟ್ಟೆಯನ್ನು ಸರಿಸದೆ, ತುದಿಗಾಲ ಮೇಲೆ ನಿಂತು, ಮೈಕಿಗೆ ಬಾಯಿ ಹಚ್ಚಿದೆ.

‘ಕುಂಡ್ರಬ್ಯಾಡ್ರಿ,’ ಎಂದೆ. ‘ಆವತ್ತು ನೀರು ಬಿಗಿಸಿದ್ದು ಗೊಂಬಿ ಅಲ್ಲ. ಶೆಡ್ಡಿನಾಗಿದ್ದ ನಾವು. ಎಲ್ಲಾರೂ ಮನೀಗೆ ಹೋಗ್ರಿ. ಈ ವರ್ಷ ಆಟ ಇಲ್ಲ.’